ಬೆಟಗೇರಿಯ ಹಿತ್ತಲಿಗೆ ಬಂದ ಬದರಿಯ ಗಿಡ

'ಗೊತ್ತಿಲ್ಲ' ಎಂಬ ಮೂರಕ್ಷರ ನನ್ನ ಬಾಯಿಂದ ಹೊರಡುವುದು ಬಹಳ ಕಷ್ಟ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವನಿಗೆ ಅಂಟಿದ ರೋಗ ಇದು. ಒಮ್ಮೆ ಮಕ್ಕಳನ್ನು ಡಂಬಳದ ಕೆರೆಗೆ ಕರೆದುಕೊಂಡು ಹೋಗಿದ್ದಾಗ ಒಬ್ಬ ಹುಡುಗಿ ಏರಿಯ ಮೇಲಿನ ಮರವೊಂದನ್ನು ತೋರಿಸಿ ಹೆಸರು ಕೇಳಿದಳು. ನಾಲಿಗೆಗೆ ಬಂದದ್ದನ್ನು ಹೇಳಿಬಿಟ್ಟೆ. ಪಾಪ, ಅವಳು ಅದನ್ನೇ ಪರೀಕ್ಷೆಯಲ್ಲಿ ಬರೆದಳು. ಎರಡಕ್ಕೆ ಎರಡು ಅಂಕ ಕೊಟ್ಟೆ, ಬೇರೆ ದಾರಿ ಇರಲಿಲ್ಲ.

ಗದಗ ಜಿಲ್ಲೆಯಾದ ಹೊಸತು. ಲಕ್ಷ್ಮೇಶ್ವರದಲ್ಲಿರುವ ನನ್ನ ಹೆಂಡತಿಯ ಅಕ್ಕ ಬದರಿ ಯಾತ್ರೆ ಮುಗಿಸಿ ನೇರವಾಗಿ ಬೆಟಗೇರಿಯ ನಮ್ಮ ಮನೆಗೇ ಬಂದರು. ಕೈಯಲ್ಲಿ ಒಂದು ಪುಟ್ಟ ಕುಂಡ. ಅದರಲ್ಲಿ ಅಂಗೈಯಗಲದ ಗಿಡ. ಎಲೆಗಳ ತುಂಬ ಬೆಳ್ಳನೆಯ ಉಣ್ಣೆಯಂಥ ನವಿರು. ಮುಟ್ಟಿದರೆ ಆಗಷ್ಟೇ ಹುಟ್ಟಿದ ಕುರಿಮರಿಯ ಕಿವಿ ಮುಟ್ಟಿದಂತಿತ್ತು.

"ಮಾಸ್ತರ್ರ, ಮೂರು ದಿವಸ ತೊಡಿ ಮ್ಯಾಲೆ ಇಟ್ಕೊಂಡು ಬಂದೀನ್ರಿ. ಹೆಸರಿನ ಚೀಟಿ ರೈಲಿನ್ಯಾಗ ಎಲ್ಲೋ ಬಿದ್ದು ಹೋತು. ನಮ್ಮ ಮನಿಯವರು ಕಡೀತನಕ ನೋಡಬೇಕು ನೋಡಬೇಕು ಅಂದ ಗುಡ್ಡದ್ದಿದು. ನನ್ನ ಕೈಲೆ ಉಳಿಯೂದಿಲ್ಲ, ನೀವು ತಿಳದವರು, ಬದುಕಿಸಿ ಕೊಡ್ರಿ. ಹಂಗ, ಇದರ ಹೆಸರೇನ್ರಿ?"

ತೀರಿಹೋದ ಷಡ್ಡಕರ ನೆನಪಿಗೆ ತಂದ ಗಿಡ. ಆಗಲಾದರೂ ಆ ಮೂರಕ್ಷರ ನುಡಿಯಬಹುದಿತ್ತು. ನಾನು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು ಉದ್ದನೆಯ ಲ್ಯಾಟಿನ್ ಹೆಸರೊಂದನ್ನು ಹೇಳಿದೆ. ಅಷ್ಟೇ ಅಲ್ಲ, ಅದನ್ನು ತಗಡಿನ ಚೂರಿನ ಮೇಲೆ ಬಣ್ಣದಲ್ಲಿ ಬರೆದು ಕುಂಡಕ್ಕೆ ಕಟ್ಟಿಯೂ ಬಿಟ್ಟೆ.

ಹಿಮದ ನಾಡಿನ ಗಿಡಕ್ಕೆ ತಂಪು ಬೇಕು ಎಂಬುದು ನನ್ನ ಶಾಸ್ತ್ರ. ನಮ್ಮ ನಲ್ಲಿಗೆ ನೀರು ಬರುವುದು ಎಂಟು ದಿನಕ್ಕೊಮ್ಮೆ. ಮನೆಮಂದಿ ಚೊಂಬು ಎಣಿಸಿ ಸ್ನಾನ ಮಾಡುತ್ತಿದ್ದಾಗ ನಾನು ಮಣ್ಣಿನ ಹರವಿಯ ಕುಡಿಯುವ ತಣ್ಣೀರನ್ನು ಮುಂಜಾನೆ, ಮಧ್ಯಾಹ್ನ, ಸಂಜೆ ಗಿಡದ ನೆತ್ತಿಗೆ ಚಿಮುಕಿಸಿದೆ. ಕುಂಡಕ್ಕೆ ಒದ್ದೆ ಗೋಣಿತಟ್ಟು ಸುತ್ತಿದೆ. ರವಿವಾರಕ್ಕೊಮ್ಮೆ ಶರಬತ್ತಿನ ಅಂಗಡಿಯಿಂದ ಮಂಜುಗಡ್ಡೆಯ ತುಂಡು ತಂದು ಬುಡಕ್ಕಿಟ್ಟೆ. "ನನಗ ಜ್ವರ ಬಂದಾಗ ಹಣಿಗೆ ಒಂದು ಒದ್ದಿ ಅರಿವಿ ಹಾಕಲಿಲ್ಲ ನೀವು" ಎಂದಳು ಹೆಂಡತಿ. ಮಾತಿನಲ್ಲಿ ಸತ್ಯವಿತ್ತು, ಆದ್ದರಿಂದ ನಾನು ಹರವಿಯ ಕಡೆ ನಡೆದೆ.

ಮೂರನೆಯ ವಾರಕ್ಕೆ ಉಣ್ಣೆಯೆಲ್ಲ ಕಂದುಬಣ್ಣಕ್ಕೆ ತಿರುಗಿ ಎಲೆಗಳು ಕೊಳೆತು ಬಿದ್ದವು. ಎರಡು ದಿನ ನನಗೆ ಊಟ ಸೇರಲಿಲ್ಲ. ಅಕ್ಕನವರಿಗೆ ಮುಖ ತೋರಿಸುವುದು ಹೇಗೆ ಎಂದು ಕೊರಗಿದೆ. ಆದರೂ ನೀರು ನಿಲ್ಲಿಸಲಿಲ್ಲ. ಅಷ್ಟರಲ್ಲಿ ಒಂದು ಮುಂಜಾನೆ ಕುಂಡದಲ್ಲಿ ಹೊಸ ಚಿಗುರು ಕಂಡಿತು. ಬೆಳ್ಳಗೆ, ಮೆತ್ತಗೆ, ಮೈತುಂಬ ನವಿರು. ನೆಮ್ಮದಿಗೆ ಕಣ್ಣು ಒದ್ದೆಯಾಯಿತು. ಗಿಡ ನಮ್ಮ ಹವೆಗೆ ಒಗ್ಗಿಕೊಂಡು ಎಲೆ ದೊಡ್ಡದು ಮಾಡಿಕೊಂಡಿದೆ ಎಂದು ಶಾಲೆಯಲ್ಲಿ ಅರ್ಧ ತಾಸು ಪಾಠವನ್ನೇ ಮಾಡಿದೆ. ಯಾರೂ ಮುಟ್ಟಕೂಡದೆಂದು ಅಪ್ಪಣೆಯಾಯಿತು, ಒಂದು ಎಲೆಯನ್ನೂ ಯಾರೂ ಮುರಿಯಲಿಲ್ಲ.

"ಇದನ್ನ ಎಲ್ಲೋ ನೋಡಿದಂಗ ಐತಲ್ರಿ" ಎಂದಳು ಹೆಂಡತಿ ಒಂದು ದಿನ.

"ನೀ ಯಾವಾಗ ಬದರಿಗೆ ಹೋಗಿದ್ದಿ?" ಎಂದೆ. ಅವಳು ಅಡುಗೆಮನೆಗೆ ಹೋದಳು.

ದೀಪಾವಳಿ ಮುಗಿದ ಮೇಲೆ ಒಂದು ಶುಕ್ರವಾರ ರಾತ್ರಿ ಅಕ್ಕನವರು ಬಂದರು. ಬೆಳಕಾಗಲಿ, ಗಿಡವನ್ನು ನಾನೇ ವಿಧಿವತ್ತಾಗಿ ತೋರಿಸುತ್ತೇನೆ ಎಂದುಕೊಂಡು ಮಲಗಿದೆ. ಅವರದು ಶನಿವಾರದ ನೇಮ, ಹನುಮಪ್ಪನಿಗೆ ಎಕ್ಕೆಯ ಎಲೆಯ ಹಾರ ಹಾಕದೆ ನೀರು ಕುಡಿಯುವವರಲ್ಲ. ನಾನು ಎದ್ದು ಹಿತ್ತಲಿಗೆ ಹೋಗುವಷ್ಟರಲ್ಲಿ ಅವರು ಮಡಿಯುಟ್ಟು ಕುಂಡದ ಮುಂದೆ ಕುಳಿತಿದ್ದರು. ಉಡಿಯಲ್ಲಿ ಆರೇಳು ಎಲೆ. ಮುರಿದ ತೊಟ್ಟುಗಳಿಂದ ಹಾಲು ತೊಟ್ಟಿಕ್ಕುತ್ತಿತ್ತು. ನಮ್ಮ ಕಡೆ ಗೋಡೆಯ ಬಿರುಕಿನಲ್ಲಿ, ಹಾಳು ಜಾಗದಲ್ಲಿ, ಹನಿ ನೀರಿಲ್ಲದೆ ಬೆಳೆಯುವ ಎಕ್ಕೆಯ ಹಾಲು. ಎಲ್ಲಿಂದಲೋ ಹಾರಿಬಂದ ಬೀಜ ಆ ಕುಂಡದಲ್ಲಿ ಬಿದ್ದು ಐದು ತಿಂಗಳು ಮಂಜುಗಡ್ಡೆಯ ನೀರು ಕುಡಿದಿತ್ತು. ಎಕ್ಕೆಯ ಚಿತ್ರವನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವನು ನಾನು.

"ಭಾಳ ಚಲೋ ಮಾಡೀರಿ ಮಾಸ್ತರ್ರ," ಎಂದರು ಅಕ್ಕನವರು. "ಎಕ್ಕಿ ಎಲಿಗೆ ಹಳ್ಳದ ದಂಡಿಗೆ ಹೋಗೂದು ತಪ್ತು. ಕುಂಡದಾಗ ಎಕ್ಕಿ ಬೆಳಸಿದವರನ್ನ ನಾ ಇದ ಮೊದಲು ನೋಡಿದ್ದು. ಅದಿರ್ಲಿ, ನಾ ಕೊಟ್ಟ ಗಿಡಾ ಎಲ್ಲೈತಿ?"

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಲ್ಯಾಟಿನ್ ಹೆಸರಿನ ತಗಡು ಗಾಳಿಗೆ ಕುಂಡಕ್ಕೆ ಬಡಿಯುತ್ತಿತ್ತು. ಅವರು ಮೂರು ದಿನ ತೊಡೆಯ ಮೇಲೆ ಇಟ್ಟುಕೊಂಡು ತಂದ ಆ ಜೀವವನ್ನು ನಾನೇ ನೀರುಣಿಸಿ ಕೊಂದಿದ್ದೆ. ಅದನ್ನು ಹೇಳಲು ಬಾಯಿ ತೆರೆದೆ.

"ಗೊತ್ತಿಲ್ರಿ" ಎಂದೆ.

ಜನ್ಮದಲ್ಲಿ ಮೊದಲ ಸಲ ಆ ಮಾತು ಆಡಿದ್ದು. ಅದೂ ಸುಳ್ಳೇ.