ಧನಪಾಲನ ಕಂಪ್ರೆಸರು

ಅಷ್ಟೂ ರಾಮಾಯಣಕ್ಕೆ ಕಾರಣ ಅಡಿಕೆ ಗಾತ್ರದ ಒಂದು ಸ್ಕ್ರೂ. ಅದು ಧನಪಾಲ ಚೌಗುಲೆಯ ಕಂಪ್ರೆಸರಿನ ಟ್ಯಾಂಕಿನ ತಳದಲ್ಲಿತ್ತು. "ದಿನಾ ಸಂಜೀಕ ಇದನ್ನ ಬಿಚ್ಚಿ ಒಳಗಿನ ನೀರು ಬಿಡ್ರಿ" ಎಂದು ಕೊಲ್ಲಾಪುರದ ಹಳೇ ಸಾಮಾನಿನ ಅಂಗಡಿಯವನು ಹೇಳಿಯೇ ಕೊಟ್ಟಿದ್ದ. "ಗಾಳಿ ತುಂಬಿದ್ರ ನೀರ ಹೆಂಗ ಬರತೈತ್ರಿ?" ಎಂದು ಧನಪಾಲ ನಕ್ಕಿದ್ದ. ಮೂರು ತಿಂಗಳಾಗಿತ್ತು, ಆ ಸ್ಕ್ರೂವಿಗೆ ಅವನು ಕೈ ಹಚ್ಚಿರಲಿಲ್ಲ.

ಇಚಲಕರಂಜಿಯ ಒಂದು ನೇಕಾರರ ಸೊಸೈಟಿಯಲ್ಲಿ ಧನಪಾಲ ನೂಲಿನ ಗೋದಾಮಿನ ಕಾರಕೂನ. ಆದರೆ ಜೀವವೆಲ್ಲ ಏರ್‌ಬ್ರಶ್ಶಿನ ಮೇಲೆ. ಪೆನ್ನಿನಷ್ಟೇ ಇರುವ ಆ ಸಾಧನದಿಂದ ಹೊಗೆಯ ಹಾಗೆ ಬಣ್ಣ ಊದಿ, ಹಳೆಯ ಫೋಟೋ ನೋಡಿಕೊಂಡು ದೊಡ್ಡ ಚಿತ್ರ ಬಿಡಿಸುವ ಹುಚ್ಚು ಅವನಿಗೆ. ಮೊದಮೊದಲು ಮಲ್ಲಾರಿಯ ಪಂಕ್ಚರ್ ಅಂಗಡಿಯಲ್ಲಿ ಲಾರಿಯ ಟ್ಯೂಬಿಗೆ ಗಾಳಿ ಹೊಡೆಸಿ, ಅದನ್ನು ಕೊರಳಿಗೆ ಹಾಕಿಕೊಂಡು ಮನೆಗೆ ತರುತ್ತಿದ್ದ. ಚಿತ್ರದ ಒಂದು ಕಿವಿ ಮುಗಿಯುವುದರೊಳಗೆ ಟ್ಯೂಬು ಹಸಿದ ಎಮ್ಮೆಯ ಹೊಟ್ಟೆಯಂತೆ ಒಳಸೇರುತ್ತಿತ್ತು.

ಕೊನೆಗೆ ಕಂಪ್ರೆಸರ್ ಕೊಳ್ಳುವುದೆಂದಾಯಿತು. ಅಂಗಡಿಯಲ್ಲಿ ಎರಡಿದ್ದವು. ಒಂದು ಫ್ರಿಜ್ಜಿನಿಂದ ಬಿಚ್ಚಿದ ಸಣ್ಣದು, ಬೆಕ್ಕಿನಂತೆ ಸದ್ದಿಲ್ಲದ್ದು. ಇನ್ನೊಂದು ಗಡಹಿಂಗ್ಲಜದ ಯಾವುದೋ ಗ್ಯಾರೇಜಿನಿಂದ ಬಂದದ್ದು. ಟ್ಯಾಂಕು, ಬೆಲ್ಟು, ಮೀಟರು ಎಲ್ಲ ಇದ್ದದ್ದು. ಜೊತೆಗೆ ಹೋಗಿದ್ದ ಪಕ್ಕದ ಮನೆಯ ಗುರುಸಿದ್ದಪ್ಪ ಮಗ್ಗದ ಜಾಬರ್. ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುವವನಾದ್ದರಿಂದ ಲೋಕದ ಯಂತ್ರಗಳೆಲ್ಲ ತನಗೆ ಗೊತ್ತೆಂಬುದು ಅವನ ನಂಬಿಕೆ. "ಸದ್ದು ಮಾಡಲಾರದ್ದು ಮಷೀನ್ ಏನಪಾ? ದೊಡ್ಡದು ತಗೋ" ಎಂದ. ದೊಡ್ಡದು ಬಂತು. ಅದನ್ನು ಹಚ್ಚಿದರೆ ಓಣಿಯ ಪಾತ್ರೆಗಳೆಲ್ಲ ಕುಣಿಯುತ್ತಿದ್ದವು.

ಆ ದಿನ ಸಂಜೆ ಐದಕ್ಕೆ ಸೊಸೈಟಿಯ ಸಭಾಗೃಹದಲ್ಲಿ ಚೇರಮನ್ ಕಾಕಾಸಾಹೇಬರ ತೀರಿಹೋದ ತಂದೆಯ ಚಿತ್ರದ ಅನಾವರಣವಿತ್ತು. ಬಿಡಿಸುವ ಕೆಲಸ ಧನಪಾಲನಿಗೆ ಬಂದಿತ್ತು. ಮುಖ ಮುಗಿದು ಹಿನ್ನೆಲೆ ಮಾತ್ರ ಬಾಕಿ. ಚಿತ್ರ ಕೆಟ್ಟರೆ ನೌಕರಿಯೂ ಕೆಟ್ಟಿತೆಂದು ಅವನಿಗೆ ಗೊತ್ತಿತ್ತು. ಅಂದು ರಜೆ ಹಾಕಿ, ಬೆಳಿಗ್ಗೆ ಹತ್ತಕ್ಕೆ ಕಂಪ್ರೆಸರ್ ಹಚ್ಚಿದ.

ಮೀಟರಿನ ಮುಳ್ಳು ಏರಿತು. ಕೆಂಪು ಗೆರೆ ಮುಟ್ಟಿತು, ದಾಟಿತು. ಧನಪಾಲ ಹೌಹಾರಿ ಬಟನ್ ಬಂದ್ ಮಾಡಿದ. ಯಂತ್ರ ನಿಂತಿತು, ಮುಳ್ಳು ಮಾತ್ರ ಇಳಿಯಲಿಲ್ಲ. ಹೆಚ್ಚಿನ ಗಾಳಿ ಹೊರಬಿಡುವ ಸೇಫ್ಟಿ ವಾಲ್ವಿನ ಉಂಗುರ ಹಿಡಿದು ಜಗ್ಗಿದ. ಅದು ಜಂಗು ಹಿಡಿದು ಕೂತಿತ್ತು.

ಅಷ್ಟರಲ್ಲಿ ಗುರುಸಿದ್ದಪ್ಪ ಹಣಿಕಿದ. ಮುಳ್ಳು ನೋಡಿದವನೇ ಎರಡು ಹೆಜ್ಜೆ ಹಿಂದೆ ಸರಿದ.

"ತಮ್ಮಾ, ಅದನ್ನ ಮುಟ್ಟಬ್ಯಾಡ! ಶಿರೋಳದಾಗ ಹಿಂಗ ಒಂದು ಟ್ಯಾಂಕ್ ಒಡೆದು ಮನೀ ಛತ್ತು ಕಬ್ಬಿನ ಹೊಲದಾಗ ಹೋಗಿ ಬಿದ್ದಿತ್ತು!"

"ಅಯ್ಯಯ್ಯ, ಈಗ ಏನ ಮಾಡೂದ್ರಿ?"

"ಮಾಡೂದೇನು? ಓಡೂದು!"

ಗುರುಸಿದ್ದಪ್ಪ ಓಡಿದ, ಓಡುತ್ತ ಓಣಿಗೆಲ್ಲ ಸುದ್ದಿ ಹೇಳಿದ. ಐದು ನಿಮಿಷದಲ್ಲಿ ಹತ್ತು ಮನೆ ಖಾಲಿಯಾದವು. ಎದುರು ಮನೆಯ ಬಾಳಕ್ಕ ಉರಿಯುವ ಸ್ಟೋವು, ಅದರ ಮೇಲಿನ ಹಂಚು, ಹಂಚಿನ ಮೇಲಿನ ಅರೆಬೆಂದ ರೊಟ್ಟಿ ಸಮೇತ ಹೊರಬಿದ್ದಳು.

"ಚಿತ್ರ ಬರೀತೀನಂತ ಮನ್ಯಾಗ ಬಾಂಬ್ ಸಾಕ್ಯಾನ ನೋಡ್ರಿ ಇವ!" ಎಂದು ನಡುಬೀದಿಯಲ್ಲಿ ರೊಟ್ಟಿ ತಿರುವಿ ಹಾಕಿದಳು.

ಓಣಿಯ ತುದಿಯಲ್ಲಿ ಎಲ್ಲರೂ ಗುಂಪಾಗಿ ಕಿವಿ ಮುಚ್ಚಿಕೊಂಡು ನಿಂತರು. ಹನ್ನೊಂದಾಯಿತು, ಹನ್ನೆರಡಾಯಿತು. ಟ್ಯಾಂಕು ಒಡೆಯಲಿಲ್ಲ. ಒಡೆಯುವುದಿಲ್ಲವೆಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮಲ್ಲಾರಿಯನ್ನು ಕರೆತರಲು ಆಳು ಕಳಿಸಿದರು. ಅವನು ಬಸ್ಸೊಂದರ ಟಯರು ನೋಡಲು ದತ್ತವಾಡಕ್ಕೆ ಹೋಗಿದ್ದಾನೆಂಬ ಸುದ್ದಿ ಬಂತು.

ಆಗ ಧನಪಾಲನ ಹೆಂಡತಿ ಅಲಕಾ ಎದೆ ಹಿಡಿದುಕೊಂಡಳು. "ರೀ! ಚಿತ್ರ ಒಳಗ ಐತ್ರಿ!"

ಚಿತ್ರ ಕಂಪ್ರೆಸರಿನಿಂದ ಎರಡೇ ಮಾರು ದೂರ ಸ್ಟ್ಯಾಂಡಿನ ಮೇಲಿತ್ತು. ಒಡೆದರೆ ಕಾಕಾಸಾಹೇಬರ ತಂದೆ ಎರಡನೇ ಸಲ ತೀರಿಕೊಂಡಂತೆಯೇ. ಧನಪಾಲ ಬಾಳಕ್ಕನ ಮನೆಯ ಗಾದಿ ಬೆನ್ನಿಗೆ ಕಟ್ಟಿಕೊಂಡ, ತಾಮ್ರದ ಹಂಡೆಯ ಮುಚ್ಚಳ ಎದೆಗೆ ಹಿಡಿದ.

"ಬ್ಯಾಡ್ರಿ" ಎಂದು ಅಲಕಾ ಅತ್ತಳು.

"ಹೋಗಲಿ ಬಿಡವಾ, ಗಾದಿ ಹಳೇದೇ ಐತಿ" ಎಂದಳು ಬಾಳಕ್ಕ.

ಹೊಸ್ತಿಲ ಒಳಗೆ ಅವನು ಆಮೆಯಂತೆ ತೆವಳಿದ. ಮನೆಯಲ್ಲಿ ಗಡಿಯಾರದ ಟಿಕ್‌ಟಿಕ್ ಬಿಟ್ಟರೆ ಬೇರೆ ಸದ್ದಿಲ್ಲ. ಮುಳ್ಳು ಕೆಂಪು ಗೆರೆಯ ಆಚೆಯೇ ನಿಂತು ಅವನನ್ನೇ ನೋಡುತ್ತಿತ್ತು. ಬೆವರು ಕಣ್ಣಿಗಿಳಿಯಿತು. ಚಿತ್ರಕ್ಕೆ ಕೈ ಹಾಕಿದಾಗ ಹೊರಗೆ ಯಾರೋ ಸೀನಿದರು. ಧನಪಾಲ ಅಲ್ಲೇ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಶುರು ಮಾಡಿದ. ಎರಡನೆಯ ಸಾಲಿಗೂ ತಾನು ಬದುಕಿರುವುದು ಗೊತ್ತಾಗಿ, ಚಿತ್ರ ಎತ್ತಿಕೊಂಡು ಒಂದೇ ಓಟಕ್ಕೆ ಹೊರಬಿದ್ದ. ಓಣಿಯೆಲ್ಲ "ಶಾಬ್ಬಾಸ್!" ಎಂದು ಕೂಗಿತು.

ಮಲ್ಲಾರಿ ಸೈಕಲ್ಲಿನಲ್ಲಿ ಬಂದದ್ದು ಮೂರಕ್ಕೆ. ನೇರ ಒಳಗೆ ಹೋಗಿ ಮೀಟರಿಗೆ ಬೆರಳಿಂದ ಟಕ್ಕೆಂದು ಹೊಡೆದ. ಮುಳ್ಳು ತಟ್ಟನೆ ಸೊನ್ನೆಗೆ ಬಿತ್ತು.

"ಮುಳ್ಳು ಸಿಕ್ಕೊಂಡಿತ್ತು. ಗಾಳಿ ಪೈಪಿನ ಜೋಡಿನಿಂದ ಯಾವಾಗೋ ಸೋರಿ ಹೋಗೇತಿ. ಖಾಲಿ ಡಬ್ಬಿಗೆ ಹೆದರಿ ಇಷ್ಟೂ ಮಂದಿ ಬೀದ್ಯಾಗ ನಿಂತೀರಿ?"

ಎಲ್ಲರೂ ಗುರುಸಿದ್ದಪ್ಪನನ್ನು ನೋಡಿದರು. ಗುರುಸಿದ್ದಪ್ಪ ಆಕಾಶ ನೋಡಿದ.

ಮಲ್ಲಾರಿ ವಾಲ್ವಿಗೆ ಎಣ್ಣೆ ಬಿಟ್ಟು ಸಡಿಲಿಸಿದ, ಪೈಪು ಬಿಗಿದ. ಗಂಟೆ ಮೂರೂಮುಕ್ಕಾಲು. ಧನಪಾಲ ಬ್ರಶ್ ಹಿಡಿದ. ಬೆಳಗಿನ ಹೆದರಿಕೆಯ ನಾಚಿಕೆ ಕಳೆಯಲೆಂಬಂತೆ ಓಣಿಯ ಮಂದಿಯೆಲ್ಲ ಒಳಗೆ ನುಗ್ಗಿ ಅವನ ಹೆಗಲ ಮೇಲೇ ನಿಂತರು. ಹಿನ್ನೆಲೆ ನೀಲಿಯಾಗಿ ಹರಡತೊಡಗಿತು. ಇನ್ನೊಂದೇ ಮೂಲೆ ಉಳಿದಿತ್ತು.

"ಕಿವೀ ಮಗ್ಗಲಕ ಸ್ವಲ್ಪ ಹೊಡಿ" ಎಂದು ಗುರುಸಿದ್ದಪ್ಪ ಮೊಣಕೈ ತಿವಿದ.

ಬ್ರಶ್ ಮುಖದ ಕಡೆ ತಿರುಗಿತು. ಅದೇ ಗಳಿಗೆಗೆ ಪಚ್ ಪಚ್ ಎಂದು ಉಗುಳಿತು. ಬಣ್ಣವಲ್ಲ, ಜಂಗಿನ ನೀರು. ಕಾಕಾಸಾಹೇಬರ ತಂದೆಯ ನುಣುಪು ಕೆನ್ನೆ, ಹಣೆ, ಮೂಗಿನ ಮೇಲೆಲ್ಲ ಕಂದು ಚುಕ್ಕೆಗಳು.

ಮಲ್ಲಾರಿ ಬಗ್ಗಿ ತಳದ ಸ್ಕ್ರೂ ಬಿಚ್ಚಿದ. ಒಂದು ತಂಬಿಗೆ ನೀರು ಸುರಿಯಿತು, ಚಹಾದ ಬಣ್ಣದ್ದು. "ಇದನ್ನ ಒಮ್ಮೆನೂ ಬಿಚ್ಚಿಲ್ಲೇನ್ರಿ?"

ಧನಪಾಲ ಚಿಂದಿ ಬಟ್ಟೆ ಎತ್ತಿಕೊಂಡ. ಒಂದು ಚುಕ್ಕೆ ಒರೆಸಲು ಹೋದರೆ ಅದು ನಾಲ್ಕಾಯಿತು. ಬಾಗಿಲಲ್ಲಿ ಜೀಪಿನ ಹಾರ್ನು ಕೇಳಿಸಿತು. ಕಾಕಾಸಾಹೇಬರ ಅಕ್ಕನ ಮಗ ಶ್ರೀಪಾಲ ಚಿತ್ರ ಒಯ್ಯಲು ಬಂದಿದ್ದ. ಗಡಿಬಿಡಿಯಲ್ಲಿ ಚಿತ್ರ ನೋಡದೆಯೇ ಅದರ ಮೇಲೆ ರೇಶ್ಮೆ ಬಟ್ಟೆ ಮುಚ್ಚಿ, ಧನಪಾಲನನ್ನೂ ಜೀಪಿಗೆ ಹತ್ತಿಸಿಕೊಂಡ. ದಾರಿಯುದ್ದಕ್ಕೂ ಧನಪಾಲ ಜೀಪು ಕೆಟ್ಟು ನಿಲ್ಲಲೆಂದು ಬೇಡಿಕೊಂಡ. ಜೀಪು ಹೊಸದಾಗಿತ್ತು.

ಸಭಾಗೃಹ ತುಂಬಿತ್ತು. ಭಾಷಣವಾಯಿತು, ಹಾರವಾಯಿತು. ಕಾಕಾಸಾಹೇಬರು ರೇಶ್ಮೆ ಬಟ್ಟೆ ಸರಿಸಿದರು.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಕಾಕಾಸಾಹೇಬರ ಮುಖ ಮೊದಲು ಬಿಳಿಚಿ ಆಮೇಲೆ ಕೆಂಪಗಾಯಿತು. "ಚೌಗುಲೆ..." ಎಂದು ಅವರು ತಿರುಗುವಷ್ಟರಲ್ಲಿ, ಮುಂದಿನ ಸಾಲಿನಿಂದ ಅವರ ತಾಯಿ ರಾಯವ್ವ ಕೋಲೂರಿಕೊಂಡು ಎದ್ದು ಬಂದಳು. ಚಿತ್ರದ ಹತ್ತಿರ ಮುಖ ಒಯ್ದಳು. ಬೆರಳಿಂದ ಒಂದೊಂದೇ ಚುಕ್ಕೆ ಸವರಿದಳು.

"ಕಾಕಾ, ನಿಮ್ಮಪ್ಪಗ ಮಾರಿ ತುಂಬ ಸಿಡುಬಿನ ಕಲೆ ಇದ್ದದ್ದು ನೀ ಮರತೀಯೇನೋ? ಫೋಟೋದವ್ರು ಎಲ್ಲಾ ಅಳಿಸಿ ಯಾರೋ ಪರ ಗಂಡಸನ್ನ ಮಾಡಿ ಕೊಟ್ಟಿದ್ರು. ಇಪ್ಪತ್ತು ವರ್ಷದ ಮ್ಯಾಲೆ ಇವತ್ತ ನನ್ನ ಗಂಡನ ಮಾರಿ ನೋಡಿದೆ, ಯಪ್ಪಾ!" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು.

ಚಪ್ಪಾಳೆಯಿಂದ ಛತ್ತು ಹಾರುವಂತಾಯಿತು. ಕಾಕಾಸಾಹೇಬರು ಕಣ್ಣೊರೆಸಿಕೊಂಡು ಧನಪಾಲನನ್ನು ಅಪ್ಪಿದರು. ತಮ್ಮ ಕೊರಳಿನ ಹಾರ ತೆಗೆದು ಅವನಿಗೆ ಹಾಕಿದರು. ಬೆಳಿಗ್ಗೆಯಿಂದ ಮೊದಲ ಸಲ ಧನಪಾಲ ಪೂರ್ತಿ ಉಸಿರು ಬಿಟ್ಟ.

"ಇಂಥಾ ಕಲಾವಂತನ ಕೈಲೆ ನಾವು ನೂಲಿನ ಪೆಟಗಿ ಎಣಿಸಾಕ ಹಚ್ಚೇವಿ" ಎಂದರು ಕಾಕಾಸಾಹೇಬರು ಸಭೆಗೆ. "ಇದು ಪಾಪ ಅಲ್ಲೇನ್ರಿ?"

"ಹೌದ್ರಿ, ಹೌದ್ರಿ!" ಎಂದಿತು ಸಭೆ.

"ಚೌಗುಲೆ, ನಾಳೆಯಿಂದ ನೀವು ಗೋದಾಮಿಗೆ ಬರಬ್ಯಾಡ್ರಿ. ನಿಮ್ಮನ್ನ ನೌಕರಿಯಿಂದ ಬಿಡುಗಡೆ ಮಾಡೇನಿ. ಮನ್ಯಾಗ ಕುಂತು ಕಲೆಯ ಸೇವಾ ಮಾಡ್ರಿ. ಆ ಜಾಗಾಕ್ಕ ನಮ್ಮ ಶ್ರೀಪಾಲ ಬರತಾನ."

ಧನಪಾಲ ಏನೋ ಹೇಳಲು ಬಾಯಿ ತೆರೆದ. ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಎಲ್ಲರಿಗಿಂತ ಜೋರಾಗಿ ಶ್ರೀಪಾಲ ಹೊಡೆಯುತ್ತಿದ್ದ.