ಮೋನಮ್ಮನಿಗೆ ಸೌಜನ್ಯ ಕಲಿಸಿದ ತಮ್ಮ ಉಪಕಾರಕ್ಕೆ

ಹೈದರಾಬಾದಿನ ಪ್ರಾದೇಶಿಕ ಕಚೇರಿಯಲ್ಲಿ ಬಹುಸಂಸ್ಕೃತಿ ತಂಡಗಳ ಮುಖ್ಯಸ್ಥರಾಗಿರುವವರಿಗೆ, ಶಹಾಪುರದಿಂದ.

ಮಾನ್ಯರೇ,

ಹತ್ತಿಯ ಧೂಳಿಗೆ ಬಂದ ಸೀನನ್ನು ತಮ್ಮ ಮರ್ಯಾದೆಗಾಗಿ ತಡೆದುಕೊಂಡು, ನಮ್ಮ ಪಾಳಿಯ ಹನ್ನೊಂದು ಮಂದಿಯ ಪರವಾಗಿ ನಮಸ್ಕಾರ, ಸಲಾಂ, ಜೈಭೀಮ್ ಹಾಗೂ ಗುರುಮಠಕಲ್ಲಿನ ಈಶಪ್ಪನ ಕಡೆಯಿಂದ ತೆಲುಗಿನ ದಂಡಾಲುಗಳನ್ನು ಅರ್ಪಿಸುತ್ತೇನೆ. ನಾನು ಮೆಹನಾಜ, ಹತ್ತಿಯಿಂದ ಬೀಜ ಬಿಡಿಸುವ ಇಲ್ಲಿಯ ಜಿನ್ನಿಂಗ್ ಫ್ಯಾಕ್ಟರಿಯ ಕ್ಲರ್ಕು. ಹೊರದೇಶದ ತಮ್ಮ ಕಂಪನಿ ಈ ಫ್ಯಾಕ್ಟರಿಯನ್ನು ಕೊಂಡ ಮೇಲೆಯೇ ನಾವು ಬೇರೆ ಬೇರೆ ಸಂಸ್ಕೃತಿಯವರೆಂಬುದು ನಮಗೆ ಗೊತ್ತಾಯಿತು. ಅಲ್ಲಿಯವರೆಗೆ ಮೂರು ಭಾಷೆಯಲ್ಲಿ ಜಗಳವಾಡಿ, ಒಂದೇ ಕಡೆ ಬುತ್ತಿ ಬಿಚ್ಚಿ ಉಣ್ಣುತ್ತಿದ್ದ ನಮ್ಮ ಅಜ್ಞಾನವನ್ನು ತಾವು ಕ್ಷಮಿಸಬೇಕು.

ಹೋದ ತಿಂಗಳು ಯಂತ್ರ ನೋಡಲು ಡೆನ್ಮಾರ್ಕಿನಿಂದ ಹೆನ್ರಿಕ್ ಎಂಬ ಎಂಜಿನಿಯರು ಬಂದಾಗ, ತಾವೂ ಜೊತೆಗೆ ಬಂದು ನಮ್ಮ ನಡವಳಿಕೆಯನ್ನು ಪರೀಕ್ಷಿಸಿದಿರಿ. ಜಿನ್ ಯಂತ್ರದ ಕರೆಂಟು ತೆಗೆದಿದ್ದರೂ ಒಳಗಿನ ಗರಗಸದ ಚಕ್ರಗಳು ಇನ್ನೂ ತಿರುಗುತ್ತಿದ್ದವು. ಅದು ತಿಳಿಯದ ಹೆನ್ರಿಕ್ ಸಾಹೇಬರು ಸಿಕ್ಕಿಕೊಂಡ ಹತ್ತಿಯನ್ನು ಎಳೆಯಲು ಕೈ ಚಾಚಿದರು. ಹದಿನಾಲ್ಕು ವರ್ಷದಿಂದ ಆ ಯಂತ್ರಕ್ಕೆ ಹತ್ತಿ ಉಣಿಸುತ್ತಿರುವ ಕೊಂಕಲ್ಲಿನ ಮೋನಮ್ಮ, “ಏ, ಕೈ ತಗಿಯೋ!” ಎಂದು ಕೂಗಿ, ಅವರ ಅಂಗಿ ಹಿಡಿದು ಹಿಂದಕ್ಕೆ ಜಗ್ಗಿದಳು. ಎರಡು ಗುಂಡಿ ಕಿತ್ತುಬಂದವು. ಬೆರಳು ಹತ್ತೂ ಉಳಿದವು.

ತಾವು ಗುಂಡಿಗಳನ್ನು ಎಣಿಸಿದಿರಿ.

ತಮ್ಮ ವರದಿಯಲ್ಲಿ ಆಕೆಯ ಮೇಲೆ ಮೂರು ತಪ್ಪುಗಳು: ಏರಿದ ದನಿ, ಅತಿಥಿಗೆ ಏಕವಚನ, ಅನುಮತಿಯಿಲ್ಲದೆ ಮುಟ್ಟಿದ್ದು. ‘ಆಕೆ ನನ್ನ ಕೈ ಉಳಿಸಿದಳು’ ಎಂದು ಹೆನ್ರಿಕ್ ಸಾಹೇಬರು ಬರೆದುಕೊಟ್ಟ ಚೀಟಿಯನ್ನು, ‘ಡೆನ್ಮಾರ್ಕಿನವರು ಮನಸ್ಸಿನ ನೋವನ್ನು ಹೀಗೆಯೇ ಮುಚ್ಚಿಡುತ್ತಾರೆ’ ಎಂಬ ಟಿಪ್ಪಣಿಯೊಂದಿಗೆ ಅದೇ ಫೈಲಿಗೆ ಸೇರಿಸಿದ್ದನ್ನು ಕಂಡು, ಒಂದು ದೇಶವನ್ನು ಅಲ್ಲಿಯವರಿಗಿಂತ ಚೆನ್ನಾಗಿ ಬಲ್ಲ ತಮ್ಮ ಪಾಂಡಿತ್ಯಕ್ಕೆ ನಾನು ಬೆರಗಾದೆ.

ಮೋನಮ್ಮನನ್ನು ಯಂತ್ರದಿಂದ ತೆಗೆದು, ಹತ್ತು ದಿನದ ಸೌಜನ್ಯ ತರಬೇತಿಗೆಂದು ಕಂಪ್ಯೂಟರಿನ ಮುಂದೆ ಕೂರಿಸಲಾಯಿತು. ಪಾಠ ಇಂಗ್ಲಿಷಿನಲ್ಲಿ, ಆಕೆಗೆ ಅದು ಬಾರದ ಕಾರಣ ನಾನು ಪಕ್ಕದಲ್ಲಿ ಕೂತು ಹೇಳುತ್ತ ಹೋದೆ. ಭಾರತೀಯರು ‘ಇಲ್ಲ’ ಎಂಬ ಮಾತನ್ನು ನೇರವಾಗಿ ಹೇಳುವುದಿಲ್ಲ ಎಂದು ಮೊದಲ ಪಾಠದಲ್ಲಿತ್ತು. ಇದು ಖರೇ ಏನು ಎಂದು ಕೇಳಿದೆ. “ಇಲ್ಲ,” ಎಂದಳು. ಬೇರೆ ಸಂಸ್ಕೃತಿಯ ಸಹೋದ್ಯೋಗಿ ಎದುರಾದಾಗ ಮೊದಲು ಏನು ಮಾಡುವಿರಿ ಎಂಬ ಪ್ರಶ್ನೆಗೆ ನಾಲ್ಕು ಉತ್ತರಗಳಿದ್ದವು. ನಾಲ್ಕನ್ನೂ ಕೇಳಿಸಿಕೊಂಡು, “ಊಟ ಆತೇನಪಾ ಅಂತ ಕೇಳ್ತೀನಿ. ಅದು ಎಲ್ಲೈತಿ ಇದರಾಗ?” ಎಂದಳು. ಇರಲಿಲ್ಲ. ಸೊನ್ನೆ ಬಂತು. ಅಂದು ಸಂಜೆ ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, “ಯವ್ವಾ ಮೆಹನಾಜ, ನಾ ಅಷ್ಟು ಕೆಟ್ಟ ಹೆಣಮಗಳೇನ?” ಎಂದು ಕೇಳಿದ್ದನ್ನು ಯಾವ ಭಾಷೆಗೆ ತಿರುಗಿಸಬೇಕೋ ತಿಳಿಯದೆ ಹಾಗೆಯೇ ತಮಗೆ ಕಳುಹಿಸುತ್ತಿದ್ದೇನೆ.

ಇತ್ತ ಗೋಡೆಯ ಮೇಲೆ ತಮ್ಮ ಹೊಸ ನಿಯಮ ಅಂಟಿತ್ತು: ಯಾರೂ ಕೂಗಬಾರದು, ಎಚ್ಚರಿಕೆ ಕೊಡುವ ಮುನ್ನ ಸಹೋದ್ಯೋಗಿಯ ಒಂದು ಗುಣವನ್ನು ಮೆಚ್ಚಿ, ಮಾತಾಡಲು ಅನುಮತಿ ಕೇಳಬೇಕು. ತರಬೇತಿಯ ಎಂಟನೆಯ ದಿನ ಹತ್ತಿಯ ರಾಶಿಯ ಬುಡದಲ್ಲಿ ಹೊಗೆ ಕಂಡ ಈಶಪ್ಪ, ನೌಕರಿ ಹೋದೀತೆಂಬ ಅಂಜಿಕೆಗೆ ಮೆಕ್ಯಾನಿಕ್ ವಹಾಬನ ಬಳಿ ನಡೆದು ಹೋಗಿ, “ವಹಾಬಭಾಯಿ, ನಿಮ್ಮ ಕೆಲಸ ಭಾಳ ಚಲೋ ಇರ್ತೈತ್ರಿ. ಒಂದು ಮಾತು ಹೇಳ್ಲೇನ್ರಿ?” ಎಂದ. ವಹಾಬನಿಗೂ ಮನೆಯಲ್ಲಿ ಮೂರು ಮಕ್ಕಳು. ಅವನೂ ನಿಯಮ ಮುರಿಯದೆ, ಈಶಪ್ಪನ ಸಮಯಪಾಲನೆಯನ್ನು ಹೊಗಳತೊಡಗಿದ. ಅಷ್ಟರಲ್ಲಿ ಕಂಪ್ಯೂಟರಿನ ಕೋಣೆಯ ಕಿಟಕಿಯಿಂದ ಮೋನಮ್ಮ ಆ ಹೊಗೆಯನ್ನು ಕಂಡಳು. “ಬೆಂಕಿ! ಆಗ್! ನಿಪ್ಪು!” ಎಂದು ಮೂರೂ ಭಾಷೆಯಲ್ಲಿ ಒದರುತ್ತ ಓಡಿದಳು. ಒಂದೇ ಉಸಿರಿಗೆ ಎಲ್ಲರಿಗೂ ತಿಳಿಯಿತು. ಮರಳಿನ ಬಕೆಟ್ಟುಗಳು ಕೈಯಿಂದ ಕೈಗೆ ಹಾರಿದವು. ರಾಶಿಯ ಕಾಲುಭಾಗ ಸುಟ್ಟಿತು, ಮನುಷ್ಯರು ಉಳಿದರು. ಮೋನಮ್ಮನ ಎಡಗೈ ಮೇಲೆ ಮಾತ್ರ ಅಂಗೈಯಗಲ ಬೊಬ್ಬೆ ಎದ್ದಿದೆ.

ಮರುದಿನ ಪಾಳಿಯ ಗಂಟೆ ಹೊಡೆದರೂ ಯಾರೂ ಯಂತ್ರ ಮುಟ್ಟಲಿಲ್ಲ. ಮ್ಯಾನೇಜರ್ ಭಗವಂತರಾಯರ ಎದುರು ವಹಾಬ ಹೊಗಳಿಕೆ, ಅನುಮತಿ ಎರಡನ್ನೂ ಬಿಟ್ಟು, “ಮೋನಕ್ಕ ಬಂದ್ರ ಮಷೀನ್ ಚಾಲೂ, ಇಲ್ಲಾಂದ್ರ ಬಂದ್ ನೋಡ್ರಿ ಸಾಬ್” ಎಂದ. ಒಂದು ತಾಸಿನೊಳಗೆ ಭಗವಂತರಾಯರು ಗೋಡೆಯ ನಿಯಮವನ್ನು ತಾವೇ ಹರಿದರು. ಮೋನಮ್ಮ ಕೈಗೆ ಬಟ್ಟೆ ಸುತ್ತಿಕೊಂಡು ತನ್ನ ಜಾಗದಲ್ಲಿ ನಿಂತಳು. ನಿನ್ನೆ ತಮ್ಮ ಕಚೇರಿಯಿಂದ ಬಂದ ಪತ್ರದಲ್ಲಿ, ತರಬೇತಿಯ ಫಲವಾಗಿ ಮೋನಮ್ಮನವರು ಬಹುಭಾಷಾ ಸಂವಹನದಲ್ಲಿ ಅಪಾರ ಪ್ರಗತಿ ತೋರಿದ್ದಾರೆ ಎಂದಿದೆ. ಮೂರು ತಪ್ಪುಗಳು ಮಾತ್ರ ಫೈಲಿನಲ್ಲಿ ಹಾಗೆಯೇ ಇವೆ.

ಆದಕಾರಣ ಮುಂದಿನ ತರಬೇತಿಯನ್ನು ದಯಮಾಡಿ ಯಂತ್ರಕ್ಕೇ ಕೊಡಿಸಬೇಕು. ನಾವು ಬಹುವಚನ ಮುಗಿಸುವವರೆಗೆ ತಡೆಯಲು ಗರಗಸಕ್ಕೂ, ಅನುಮತಿ ಪಡೆದೇ ಹೊತ್ತಿಕೊಳ್ಳಲು ಬೆಂಕಿಗೂ ತಾವೇ ಕಲಿಸಬೇಕು. ಅಲ್ಲಿಯವರೆಗೆ ಆ ಮೂರು ತಪ್ಪುಗಳನ್ನು ಹೊಡೆದುಹಾಕಿ, ಮೋನಮ್ಮನನ್ನು ನಮ್ಮ ಪಾಳಿಯ ಮುಖ್ಯಸ್ಥೆಯನ್ನಾಗಿ ಮಾಡಿ. ಈ ಒಂದು ವಾಕ್ಯದಲ್ಲಿ ಕುಹಕವಿಲ್ಲ.

ದನಿ ಏರಿಸದೆ ಬರೆಯಲು ಬಹಳ ಕಷ್ಟಪಟ್ಟ,
ತಮ್ಮ ವಿಶ್ವಾಸಿ,
ಮೆಹನಾಜ

ವಿ.ಸೂ.: ಕನ್ನಡ ಓದಲು ತಮಗೆ ತೊಂದರೆಯಾದರೆ, ತಮ್ಮ ಕಚೇರಿಯ ಗೇಟಿನಲ್ಲಿ ಕೂತಿರುವವನನ್ನು ಕರೆದು ಓದಿಸಿಕೊಳ್ಳಿ. ಅವನು ಸುರಪುರದವನು, ನನ್ನ ಮಾಮಾನ ಮಗ. ಒಂಬತ್ತು ವರ್ಷದಿಂದ ದಿನಾಲೂ ತಮ್ಮ ಕಾರಿನ ಬಾಗಿಲು ತೆರೆಯುತ್ತಾನೆ, ತಮ್ಮ ಮಕ್ಕಳ ಹೆಸರನ್ನೂ ಬಲ್ಲ. ಅವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ತಾವೇ ಕೇಳಬೇಕು.