ಗೊಂಡೆ ಕಟ್ಟಿದ ರೌಟರು

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನಿಗೆ ಒಂದು ಗ್ರಹಚಾರವಿದೆ. ನಂಟರ ಮನೆಯಲ್ಲಿ ಏನು ಕೆಟ್ಟರೂ ಫೋನು ಅವನಿಗೇ ಬರುತ್ತದೆ. ಮಿಕ್ಸರ್ ತಿರುಗಲಿಲ್ಲ, ಫ್ಯಾನು ಕಿರುಗುಡುತ್ತದೆ, ಗ್ಯಾಸಿನ ಒಲೆ ಕೆಂಪಗೆ ಉರಿಯುತ್ತದೆ, ಎಲ್ಲಕ್ಕೂ ನಾನೇ. ಕಲ್ಲೂರಿನ ಮಕ್ಕಳಿಗೆ ಬೆಳಕು ಬಾಗುವುದನ್ನು ಹೇಳಿಕೊಡುವವನಿಗೆ ಮಿಕ್ಸರಿನ ಹೊಟ್ಟೆಯೊಳಗೇನಿದೆ ಎಂದು ಹೇಗೆ ಗೊತ್ತಿರಬೇಕು? ಹಾಗೆ ಅಂದರೆ ನಮ್ಮವ್ವ, "ಹಂಗಾರ ಸರಕಾರ ನಿನಗ ಪಗಾರ ಯಾಕ ಕೊಡತದ?" ಅನ್ನುತ್ತಾಳೆ. ದೇವದುರ್ಗದ ಅಕ್ಕನ ಮನೆಗೆ ಹಳೆಯ ರೌಟರು ಒಂದು ಹೋದ ಮೇಲಂತೂ ನನ್ನ ಭಾನುವಾರಗಳೆಲ್ಲ ಸಿರವಾರದಲ್ಲಿ ಬಸ್ ಬದಲಿಸುವುದರಲ್ಲೇ ಕಳೆದವು.

ಆ ರೌಟರು ಯಾಕೆ ಬೇಕಾಯಿತು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಅಕ್ಕನಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು. ಅವಳ ಮಾತೆಲ್ಲ ಕೈಯಲ್ಲಿ. ಅದು ಯಾವ ಶಾಲೆಯಲ್ಲೂ ಕಲಿತದ್ದಲ್ಲ. ಅವ್ವ ಮಾನ್ವಿ ಸುತ್ತಲಿನ ಗದ್ದೆಗಳಿಗೆ ನಾಟಿ ಹಚ್ಚಲು ಕೂಲಿಗೆ ಹೋಗುವಾಗ ಮಗಳನ್ನು ಬದುವಿನ ಮೇಲೆ ಕೂರಿಸುತ್ತಿದ್ದಳು. ಅವಳು ಕೆಸರಿನೊಳಗಿಂದ, ಇವಳು ಬದುವಿನ ಮೇಲಿಂದ, ಇಬ್ಬರೂ ಸೇರಿ ಕಟ್ಟಿಕೊಂಡ ಭಾಷೆ ಅದು. ಕಿವಿ ಹಿಂಡಿ ತೋರಿಸಿದರೆ ಮಾಸ್ತರನಾದ ನಾನು. ಒಂದು ಕೆನ್ನೆ ಉಬ್ಬಿಸಿದರೆ ಸದಾ ಎಲೆಅಡಿಕೆ ಮೆಲ್ಲುವ ಅಕ್ಕನ ಅತ್ತೆ. ನನಗೆ ಈ ಭಾಷೆ ಮುಕ್ಕಾಲು ಪಾಲು ಬರುತ್ತದೆ, ಭಾವನಿಗೆ ಅರ್ಧ. ಪೂರ್ತಿ ಬರುವುದು ಅವ್ವ ಮತ್ತು ಅಕ್ಕ ಇಬ್ಬರಿಗೆ ಮಾತ್ರ. ಅಕ್ಕ ಮದುವೆಯಾಗಿ ದೇವದುರ್ಗಕ್ಕೆ ಹೋದ ದಿನದಿಂದ ಮನಬಿಚ್ಚಿ ಮಾತಾಡಲು ಇಬ್ಬರಿಗೂ ಯಾರೂ ಇಲ್ಲದಂತಾಯಿತು.

ಮೊಬೈಲಿನಲ್ಲಿ ವಿಡಿಯೊ ಕಾಲ್ ಮಾಡಿ ನೋಡಿದೆವು. ಅಕ್ಕನ ಮನೆಯ ದಪ್ಪ ಕಲ್ಲಿನ ಗೋಡೆ ದಾಟಿ ಸಿಗ್ನಲ್ ಒಳಗೆ ಬರುತ್ತಿರಲಿಲ್ಲ. ಚಿತ್ರ ಆಗಾಗ ನಿಂತುಬಿಡುತ್ತಿತ್ತು. ನಮ್ಮಂಥವರಿಗಾದರೆ ದನಿಯಾದರೂ ಕೇಳುತ್ತದೆ. ಅಕ್ಕನ ಕೈ ನಿಂತರೆ ಅವಳ ಮಾತೇ ಅರ್ಧಕ್ಕೆ ನಿಂತ ಹಾಗೆ. ಒಮ್ಮೆ ಅವಳು ಹೊಟ್ಟೆಯ ಮೇಲೆ ಕೈ ಇಟ್ಟು ನಗುವಾಗ ಚಿತ್ರ ನಿಂತಿತು. ಮಗಳು ಬಸುರಿಯಾದಳೆಂದು ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಮರುದಿನ ಸಿಗ್ನಲ್ ಸಿಕ್ಕಾಗ ಅಕ್ಕ ಮಾತು ಪೂರ್ತಿ ಮಾಡಿದಳು: ಹೊಟ್ಟೆ ಬಿರಿಯುವಷ್ಟು ಹೋಳಿಗೆ ತಿಂದೆ!

ಸಕ್ಕರೆ ತಿಂದವರಿಗೆ ಮುಖ ತೋರಿಸುವುದು ಕಷ್ಟವಾಗಿ, ಅಕ್ಕನ ಮನೆಗೆ ತಂತಿಯ ಇಂಟರ್ನೆಟ್ ಹಾಕಿಸಲು ನಾನೇ ಹೊರಟೆ.

ಚಪ್ಪಲಿ ಹೊರಗ ಬಿಡ್ರಿ

ರಾಯಚೂರಿನಲ್ಲಿ ಬಿ.ಎಡ್. ಓದುವಾಗ ನಾನಿದ್ದ ಬಾಡಿಗೆ ಮನೆಯ ಮಾಲಕರು ಹೊಸ ರೌಟರು ತಂದಿದ್ದರು. ಹಳೆಯದನ್ನು ನನಗೆ ಕೊಟ್ಟರು. ಅವರು ಬಲು ಶಿಸ್ತಿನ ಮನುಷ್ಯ. ಮೆಟ್ಟಿಲ ಮೇಲೆ, ನಲ್ಲಿಯ ಪಕ್ಕ, ಬಚ್ಚಲ ಬಾಗಿಲಲ್ಲಿ, ಕಂಡಲ್ಲೆಲ್ಲ ಒಂದೊಂದು ಸೂಚನೆ ಬರೆದು ಅಂಟಿಸುತ್ತಿದ್ದರು. ಬಾಡಿಗೆ ಹುಡುಗರು ಗೋಡೆ ಓದುವುದಿಲ್ಲ, ಫೋನು ಮಾತ್ರ ಓದುತ್ತಾರೆ ಎಂದು ಅರಿವಾದ ಮೇಲೆ ವೈಫೈಗೇ "ಚಪ್ಪಲಿ ಹೊರಗ ಬಿಡ್ರಿ" ಎಂದು ಹೆಸರಿಟ್ಟಿದ್ದರು. ದೇವದುರ್ಗದ ಕೇಬಲ್ಲಿನವನು ಅವಸರದಲ್ಲಿ ತಂತಿ ಜೋಡಿಸಿ ಹೋದ. ಹೆಸರು ಹಾಗೇ ಉಳಿಯಿತು.

ಒಂದು ದಿನ ಭಾವನ ಹತ್ತಿರ ಏನೋ ಕೆಲಸವಿದ್ದ ದೊಡ್ಡ ಮನುಷ್ಯರೊಬ್ಬರು ಹೊಳೆಯುವ ಬೂಟು ಹಾಕಿಕೊಂಡೇ ನಡುಮನೆಗೆ ಬಂದು ಮಂಚದ ಮೇಲೆ ಕೂತರು. ನಮ್ಮಂಥವರ ಮನೆಗೆ ಬಂದದ್ದೇ ದೊಡ್ಡ ಉಪಕಾರ ಅನ್ನುವ ಗತ್ತು. ಒಳಗೆ ಸಿಗ್ನಲ್ ಇಲ್ಲ. "ನಿಮ್ಮನ್ಯಾಗ ವೈಫೈ ಅದ ಅಂತಲ್ಲ?" ಎಂದು ಫೋನು ತೆಗೆದರು. ನೋಡಿದರು. ಕಾಲ ಕಡೆ ನೋಡಿದರು. ಎದುರಿಗೆ ಚಹಾದ ಬಟ್ಟಲು ಹಿಡಿದು ನಿಂತಿದ್ದ ಅಕ್ಕನನ್ನು ನೋಡಿದರು. ಅಕ್ಕ ಯಾರನ್ನು ಕಂಡರೂ ನಗುವಂತೆ ಅವರನ್ನು ಕಂಡೂ ನಕ್ಕಳು. ಅವರು ತೆಪ್ಪಗೆ ಎದ್ದು ಹೋಗಿ ಬೂಟು ಹೊರಗೆ ಬಿಟ್ಟು ಬಂದರು.

ನನಗೆ ಇದು ಗೊತ್ತಾದಾಗ ಗಾಬರಿಯಾಗಿ, ಹೆಸರು ಇವತ್ತೇ ಬದಲಿಸುತ್ತೇನೆ ಎಂದೆ. ಅವ್ವ ಬಿಡಲಿಲ್ಲ.

"ನಿಮ್ಮಪ್ಪ ಎಷ್ಟು ಮಂದಿ ಬಾಗಿಲದಾಗ ಆ ಮಾತು ಕೇಳಸ್ಕೊಂಡಾನ ನಿನಗ ಗೊತ್ತೇನು? ಚಪ್ಪಲಿ ಕೈಯಾಗ ಹಿಡಕೊಂಡು ಆ ದೊಡ್ಡಮಂದಿ ಓಣಿ ದಾಟತಿದ್ದ. ಈಗ ನಮ್ಮ ಹುಡುಗೀ ಮನೀನೂ ಒಂದು ಸಲ ಅನ್ನಲಿ. ಇರಲಿ ಬಿಡು ಆ ಹೆಸರು."

ಆ ಹೆಸರು ಈಗಲೂ ಹಾಗೇ ಇದೆ. ಭಾವ ಕೂಡ ಹೊಲದಿಂದ ಬಂದವನು ಬಾಗಿಲಲ್ಲಿ ಫೋನು ನೋಡಿದ ಮೇಲೆಯೇ ಚಪ್ಪಲಿ ಬಿಡುತ್ತಾನೆ.

ಜೂಲು

ಭಾವನಿಗೆ ಎತ್ತುಗಳೆಂದರೆ ಪ್ರಾಣ. ಅಕ್ಕ ಹೊಲಿಗೆಯವಳು. ಹೀಗಾಗಿ ಕಾರ ಹುಣ್ಣಿಮೆಗೆ ಅವರ ಎತ್ತಿನ ಬೆನ್ನ ಮೇಲೆ ಹೊದಿಸುವ ಜೂಲು ಇಡೀ ಓಣಿಯಲ್ಲೇ ಚೆಂದ. ಆ ಹಬ್ಬದ ಮುಂದೆ ಅಕ್ಕನ ಹತ್ತಿರ ಒಂದು ತುಂಡು ಮಕಮಲ್ಲಿನ ಬಟ್ಟೆ ಉಳಿಯಿತು. ಗೋಡೆಯ ಗೂಡಿನಲ್ಲಿ ಕೂತಿದ್ದ ರೌಟರನ್ನು ನೋಡಿದಳು. ಅದಕ್ಕೂ ಎರಡು ಕೊಂಬು. ತನ್ನನ್ನೂ ಅವ್ವನನ್ನೂ ದಿನಾ ಸೇರಿಸುವ ಪ್ರಾಣಿ ಬರಿ ಮೈಯಲ್ಲಿ ಕೂತಿದೆಯಲ್ಲ ಎಂದು ಅವಳಿಗೆ ಕೆಡುಕೆನಿಸಿತು. ಸುತ್ತಲೂ ಜರಿ, ಅಲ್ಲಲ್ಲಿ ಕನ್ನಡಿ ಚೂರು ಇಟ್ಟು ಅದಕ್ಕೊಂದು ಜೂಲು ಹೊಲಿದಳು. ಭಾವ ಅದರ ಎರಡೂ ಕೊಂಬಿಗೆ ಕೆಂಪು ಗೊಂಡೆ ಕಟ್ಟಿದ. ಅಕ್ಕನ ಅತ್ತೆ, ನಮಗೆಲ್ಲ ಅತ್ತೆಮ್ಮ, ಎತ್ತುಗಳಿಗೆ ಬೆಳಗಿದ ಆರತಿಯನ್ನು ಅದರ ಮುಂದೂ ಒಂದು ಸುತ್ತು ತಿರುಗಿಸಿದಳು.

ಮಾರನೆಯ ದಿನದಿಂದ ನೆಟ್ ನಿಂತು ನಿಂತು ಬರತೊಡಗಿತು. ನಾನು ಹೋಗಿ ಜೂಲಿನ ಕೆಳಗೆ ಕೈ ಇಟ್ಟರೆ ರೊಟ್ಟಿ ಹಂಚು ಮುಟ್ಟಿದ ಹಾಗಾಯಿತು.

"ಭಾವಾ, ಇದಕ್ಕ ಗಾಳಿ ಬೇಕು. ಮೈಮ್ಯಾಲೆ ಬಟ್ಟಿ ಹಾಕಿದ್ರ ಉಸುರುಗಟ್ಟತದ" ಎಂದು ವಿಜ್ಞಾನದ ಮಾಸ್ತರನ ದನಿಯಲ್ಲಿ ಹೇಳಿದೆ.

ಭಾವ ಒಪ್ಪಲಿಲ್ಲ. "ನಮ್ಮ ಎತ್ತು ಸುಡುಸುಡು ಬಿಸಲಾಗ ಜೂಲು ಹೊತ್ತು ಊರೆಲ್ಲ ತಿರಗತಾವ. ಇದು ನೆಳ್ಳಾಗ ಕುಂತು ಬೆವರತದಂದ್ರ, ನಿಮ್ಮ ರಾಯಚೂರು ಮಾಲಕರು ಮುದಿ ಎತ್ತು ದಾಟಿಸ್ಯಾರ ನಿಮಗ."

ಕೊನೆಗೆ ರಾಜಿಯಾಯಿತು. ಜೂಲು ಹಬ್ಬದ ದಿನ ಮಾತ್ರ, ಗೊಂಡೆ ಸದಾಕಾಲ. ನಾನು ಹೊರಡುವಾಗ ಭಾವ ರೌಟರಿನ ಬೆನ್ನು ಸವರಿ, "ವಯಸ್ಸಾಗ್ಯಾದ, ಪಾಪ" ಅಂದ.

ದೀಪ ಹಚ್ಚಿದ ಮೇಲೆ

ಸ್ವಲ್ಪ ದಿನದಲ್ಲಿ ಅವ್ವನ ಹೊಸ ದೂರು ಶುರುವಾಯಿತು. ದಿನವೆಲ್ಲ ಅಕ್ಕ ಹೊಲಿಗೆಯಲ್ಲಿರುತ್ತಾಳೆ, ಮಾತಾಡುವುದು ಸಂಜೆಗೇ. ಸರಿಯಾಗಿ ಆ ಹೊತ್ತಿಗೇ ರೌಟರು ಸಾಯುತ್ತದೆ. ಬೆಳಿಗ್ಗೆ ಮತ್ತೆ ಜೀವ ಬರುತ್ತದೆ. ನಾನು ಕೇಬಲ್ಲಿನವನಿಗೆ ಬೈದೆ, ಅವನು ಕರೆಂಟಿನವರಿಗೆ ಬೈದ. ಏನೂ ಸರಿಹೋಗದೆ ಒಂದು ಸಂಜೆ ನಾನೇ ಹೋಗಿ ಕಾದು ಕೂತೆ.

ಅತ್ತೆಮ್ಮ ದೇವರಿಗೆ ದೀಪ ಹಚ್ಚಿದಳು. ಕೈಮುಗಿದಳು. ಸೀದಾ ಗೂಡಿನ ಹತ್ತಿರ ಬಂದು ರೌಟರಿನ ಬಟನ್ ಒತ್ತಿ ಬಂದ್ ಮಾಡಿದಳು.

"ಅಯ್ಯ, ಯಾಕ್ರಿ ಅತ್ತೆಮ್ಮಾ?"

"ಯಾಕಂದ್ರ? ದೀಪ ಹಚ್ಚಿದ ಮ್ಯಾಲೆ ಮನಿಯಿಂದ ಉಪ್ಪು ಕೊಡಂಗಿಲ್ಲ, ಮೊಸರು ಕೊಡಂಗಿಲ್ಲ, ಸೂಜಿ ಸೈತ ಕೊಡಂಗಿಲ್ಲ. ಬಾಜೂಮನ್ಯಾಕಿ ವೈಫೈ ನಂಬರ ಕೇಳ್ಯಾಳಂತ ಕೊಟ್ಟೀನಿ, ಹಗಲೊತ್ತು ಉಪಯೋಗ ಮಾಡ್ಕೊಳ್ಳಲಿ. ದೀಪ ಹಚ್ಚಿದ ಮ್ಯಾಲೂ ಆಕಿ ಮನಿಗೆ ಹರಕೋತ ಹೋದ್ರ, ಲಕ್ಷ್ಮಿ ನಮ್ಮನ್ಯಾಗ ಇರತಾಳೇನು?"

ನಾನು ಬಿ.ಎಡ್. ಪಕ್ಕಕ್ಕಿಟ್ಟೆ. ಬಹಳ ಯೋಚಿಸಿ, ತಂತಿಯನ್ನು ಬಾಗಿಲಿನ ತನಕ ತೋರಿಸಿ ಹೇಳಿದೆ: "ನೋಡ್ರಿ ಅತ್ತೆಮ್ಮಾ, ಇದು ಹೊರಗಿಂದ ಒಳಗ ಬರೋದು. ನಮ್ಮವ್ವ ಮಾನ್ವಿಯಿಂದ ಇದರಾಗ ನಿಮ್ಮ ಮನಿಗೆ ಬರತಾಳ. ಸಂಜೀಮುಂದ ಮನಿಗೆ ಬಂದಾಕೀನ ಹೊರಗ ನಿಂದ್ರಸ್ತೀರೇನು?"

ಅತ್ತೆಮ್ಮ ಕೆನ್ನೆಯ ಎಲೆಅಡಿಕೆಯನ್ನು ಈ ಕಡೆಯಿಂದ ಆ ಕಡೆಗೆ ಸರಿಸಿದಳು. "ಹಂಗ ಮೊದಲ ಹೇಳಬಾರದೇನು? ಬರೋದಿದ್ರ ಬರಲಿ" ಎಂದು ಬಟನ್ ಒತ್ತಿದಳು. ಅವತ್ತಿನಿಂದ ವಿಡಿಯೊದಲ್ಲಿ ಅವ್ವ ಕಂಡ ಕೂಡಲೇ ಅತ್ತೆಮ್ಮ ಫೋನಿನ ಹಣೆಗೆ ಕುಂಕುಮ ಹಚ್ಚುತ್ತಾಳೆ. ಅದು ಕ್ಯಾಮರಾಕ್ಕೂ ಮೆತ್ತಿ, ಅವ್ವನಿಗೆ ಮಗಳು ಕೆಂಪಗೆ ಕಾಣಿಸುತ್ತಾಳೆ.

ಅಕ್ಕನ ಬೆರಳು

ಈ ಸಲ ಅಕ್ಕ ಒಂದು ಹಟ ಹಿಡಿದಳು. ಮನೆ ಮೂಲೆಯಲ್ಲಿ ಕೂತು ಹೊಲಿದದ್ದು ಸಾಕು, ಬಜಾರದಲ್ಲಿ ಅಂಗಡಿ ಹಾಕಬೇಕು. ಎರಡೂ ಕೈಯಿಂದ ಷಟರ್ ಎತ್ತಿದ ಹಾಗೆ ಮಾಡಿದರೆ ಅಂಗಡಿ ಎಂದರ್ಥ. ಕಂಡಕಂಡವರ ಮುಂದೆಲ್ಲ ಷಟರ್ ಎತ್ತಿದಳು. ಭಾವ ಹೂಂ ಅಂದ. ಅತ್ತೆಮ್ಮ ಹೂಂ ಅಂದಳು. ಅವ್ವ ಮಾತ್ರ ಒಪ್ಪಲಿಲ್ಲ. ಕಿವಿ ಕೇಳದವಳು ಬಜಾರದಲ್ಲಿ ಕೂತರೆ ಹಿಂದೆ ಯಾರು ಬಂದು ನಿಂತರೆಂದು ತಿಳಿಯುವುದು ಹೇಗೆ, ಜಗಳಕ್ಕೆ ಬಂದವರಿಗೆ ಉತ್ತರ ಕೊಡುವುದು ಹೇಗೆ ಎಂದು ಅವಳ ಭಯ. ಆ ಭಯ ಸುಳ್ಳೆಂದು ಹೇಳುವ ಧೈರ್ಯ ನನಗೂ ಇರಲಿಲ್ಲ.

ಅವ್ವನ ಹತ್ತಿರ ಒಂದು ಹಳೆಯ ಅಸ್ತ್ರವಿದೆ. ಮಗಳ ಮಾತು ಬೇಡವಾದಾಗ ಮುಖ ತಿರುಗಿಸಿಬಿಡುತ್ತಾಳೆ. ಅಷ್ಟೇ. ನೋಡುವವರಿಲ್ಲದಿದ್ದರೆ ಕೈಮಾತಿಗೆ ಬೆಲೆಯೇನು? ಚಿಕ್ಕಂದಿನಲ್ಲಿ ಅಕ್ಕ ಸುತ್ತಿ ಬಂದು ಅವ್ವನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ಈಗ ದೇವದುರ್ಗದಿಂದ ಮಾನ್ವಿಗೆ ಕೈ ಎಟುಕುತ್ತದೆಯೇ? ಅಂಗಡಿಯ ಜಗಳ ಜೋರಾದ ದಿನ ಅವ್ವ ಫೋನನ್ನೇ ಬೋರಲು ಹಾಕಿದಳು.

ಮಾರನೆಯ ಸಂಜೆಯಿಂದ ಅಕ್ಕ ಸಿಗಲಿಲ್ಲ. ಅದರ ಮರುದಿನವೂ ಇಲ್ಲ. "ರೌಟರ್ ಕೆಟ್ಟದ, ಹೋಗು" ಎಂದು ಅವ್ವ ನನ್ನನ್ನು ಓಡಿಸಿದಳು. ಅವಳಿಗೆ ಊಟ ಸೇರುತ್ತಿರಲಿಲ್ಲ.

ಹೋದವನೇ ನಾನು, "ಅತ್ತೆಮ್ಮಾ, ಮತ್ತ ಬಂದ್ ಮಾಡೀರೇನ್ರಿ?" ಅಂದೆ.

"ನನ್ನ ಯಾಕ ಕೇಳತೀಯಪ? ನಿಮ್ಮಕ್ಕನ್ನ ಕೇಳು. ನಾ ಹಚ್ಚಾಕ ಹೋದ್ರ ಕೈ ಮ್ಯಾಲೆ ಹೊಡೀತಾಳ."

ಗೂಡಿನ ಪಕ್ಕದಲ್ಲಿ ಅಕ್ಕ ಕಾವಲಿಗೆ ಕೂತಿದ್ದಳು. ನನ್ನನ್ನು ಕಂಡು ಮೊದಲು ಬಟನ್ ತೋರಿಸಿದಳು. ಆಮೇಲೆ ತನ್ನ ಗದ್ದ ತಾನೇ ಹಿಡಿದು, ಪಕ್ಕಕ್ಕೆ ತಿರುಗಿದ್ದ ಮುಖವನ್ನು ಎದುರಿಗೆ ತಂದಳು. ಅವ್ವ ಮುಖ ತಿರುಗಿಸುವುದಿಲ್ಲ ಅಂದರೆ ಮಾತ್ರ ಇದು ಹತ್ತುತ್ತದೆ!

ನನಗೆ ಮೊದಲು ನಗು ಬಂತು. ಮುಖ ತಿರುಗಿಸಿ ಅವಳ ಬಾಯಿ ಮುಚ್ಚಿಸಿದವರು ಅವ್ವ ಒಬ್ಬಳೇ ಅಲ್ಲ. ಅಂಗಡಿಯವರು, ನಂಟರು, ಅವಸರವಿದ್ದಾಗ ನಾನೂ. ಇಷ್ಟು ವರ್ಷಕ್ಕೆ ಅವಳ ಕೈಗೂ ಒಂದು ಬಟನ್ ಸಿಕ್ಕಿದೆ.

ಅಂಗಳಕ್ಕೆ ಹೋಗಿ ಅವ್ವನಿಗೆ ಫೋನು ಮಾಡಿದೆ.

"ಯವ್ವಾ, ರೌಟರ್ ಕೆಟ್ಟಿಲ್ಲ. ಅಕ್ಕನೇ ಬಂದ್ ಮಾಡ್ಯಾಳ. ನೀ ಮಕ ತಿರುವಿದ್ದಕ್ಕ."

ಆ ಕಡೆಯಿಂದ ಅವ್ವನ ದನಿ ಏರಿತು.

"ಇಷ್ಟು ಸೊಕ್ಕು ಆಕಿಗೆ ಯಾರು ಕಲಿಸ್ಯಾರ?"

"ನೀನ."

"ಹೂಂ. ತಿರುವಂಗಿಲ್ಲ ಅನ್ನು. ಹಚ್ಚು ಅನ್ನು."

ಅಕ್ಕ ಬಟನ್ ಒತ್ತಿದಳು. ಅತ್ತೆಮ್ಮ ಆಗಷ್ಟೇ ದೀಪ ಹಚ್ಚಿ ಬಂದು ಪಕ್ಕದಲ್ಲಿ ಕೂತಳು. ಅವ್ವ ಫೋನಿನಲ್ಲಿ ಕಂಡದ್ದೇ ತಡ, ನಾಲ್ಕು ಕೈಗಳ ಜಗಳ ಶುರುವಾಯಿತು. ಹಿಂದಿನಿಂದ ಯಾರಾದರೂ ಬಂದರೆ ಎಂದು ಅವ್ವ ಕೇಳಿದಳು. ಮಿಷನ್ನಿನ ಎದುರಿಗೆ ಆಳೆತ್ತರದ ಕನ್ನಡಿ ಹಾಕಿಸುತ್ತೇನೆ ಎಂದು ಅಕ್ಕ ತೋರಿಸಿದಳು. ಜಗಳಕ್ಕೆ ಬಂದರೆ? ಅಕ್ಕ ಸೊಂಟಕ್ಕೆ ಕೈಯಿಟ್ಟು ಥೇಟ್ ಅವ್ವನ ಹಾಗೆ ಕಣ್ಣು ಬಿಟ್ಟಳು. ರೂಢಿಯಂತೆ ಅವ್ವನ ಕತ್ತು ಮೆಲ್ಲಗೆ ಪಕ್ಕಕ್ಕೆ ಹೊರಳಿತು. ಅಕ್ಕನ ಬೆರಳು ಬಟನ್ನಿನ ಮೇಲೆ ಹೋಯಿತು. ಅವ್ವನ ಕತ್ತು ತಟ್ಟನೆ ಮೊದಲಿನ ಜಾಗಕ್ಕೆ ಬಂತು.

ಆಮೇಲೆ ಅವ್ವ ತಾನೇ ಎರಡೂ ಕೈಯಿಂದ ಷಟರ್ ಎತ್ತಿದಳು. ತನ್ನ ಕುಬುಸದ ತೋಳು ಹಿಡಿದು, ಎದೆ ಮುಟ್ಟಿಕೊಂಡಳು. ಮೊದಲನೆಯ ಕುಬುಸ ನನ್ನದೇ ಹೊಲಿ!

ಅಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿದವು. ಅಳುವಾಗ ಅವ್ವ ಯಾರಿಗೂ ಮುಖ ತೋರಿಸಿದವಳಲ್ಲ. ಅಪ್ಪ ಹೋದಾಗಲೂ ಗೋಡೆಯ ಕಡೆ ತಿರುಗಿಯೇ ಅತ್ತವಳು. ಈಗ ತಿರುಗುವ ಹಾಗಿಲ್ಲ, ಬೆರಳು ಬಟನ್ನಿನ ಮೇಲೇ ಇದೆ. ಸೆರಗು ಬಾಯಿಗೆ ಒತ್ತಿಕೊಂಡು, ಮಗಳನ್ನೇ ನೋಡುತ್ತ, ಎದುರೆದುರೇ ಅತ್ತಳು. ಅಕ್ಕನೂ ಅತ್ತಳು. ನಾನು ಗೊಂಡೆ ನೋಡುತ್ತ ನಿಂತೆ.

ಅತ್ತೆಮ್ಮನಿಗೆ ಮಾತ್ರ ಇದು ಸರಿ ಕಾಣಲಿಲ್ಲ.

"ಏನಪಾ ಮಾಸ್ತರಾ, ಇದರಾಗ ಎಲ್ಲಾ ಹೊರಗಿಂದ ನಮ್ಮ ಮನಿಯೊಳಗ ಬರತದ ಅಂದಿದ್ಯಲ್ಲ? ದೀಪ ಹಚ್ಚಿದ ಮ್ಯಾಲೆ ಮನಿಗೆ ಕಣ್ಣೀರು ಬರಬಾರದು. ಒಂದಿಷ್ಟು ನಗು ಅನ್ನು ನಿಮ್ಮವ್ವಗ, ಇಲ್ಲಾಂದ್ರ ಈಗ ನಾನ ಬಂದ್ ಮಾಡತೀನಿ!"